ಗೆಂಡೆ ಮೀನುಗಳನ್ನು ಹೊಳೆಗೆ ಬಿಟ್ಟ ದಿನ

ಹೊಸಕಡವು
ಕ್ರಿ.ಶ. ೨೧೮೭, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ನೂರರವತ್ತು ವರ್ಷ ಹಿಂದಿನ ಹಿರಿಯರಿಗೆ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಚಳಿಗಾಲ ಎನ್ನುತ್ತಿದ್ದ ತಿಂಗಳುಗಳಿಗೆ ನಾವು ಎರಡನೆಯ ಬೇಸಿಗೆ ಎನ್ನುತ್ತೇವೆ. ನನ್ನ ಹೆಸರು ಗಂಗಿಮಾಳವ್ವ, ಕೆಲಸ ನೀರಳತೆ. ಅಂದರೆ, ವಿದ್ಯುತ್ ಸ್ಥಾವರ ತನ್ನ ಯಂತ್ರಗಳನ್ನು ತಣಿಸಿಕೊಂಡು ಹೊಳೆಗೆ ಬಿಡುವ ನೀರು ಎಷ್ಟು ಬಿಸಿಯಿದೆ ಎಂದು ದಿನಾ ಬೆಳಿಗ್ಗೆ ಅಳೆದು ಬರೆಯುವುದು. ನಲವತ್ತು ಡಿಗ್ರಿ ದಾಟಿದ ದಿನ ಕೆಂಪು ಬಾವುಟ ಏರಿಸುತ್ತೇನೆ, ಆ ದಿನ ಯಾರೂ ನೀರಿಗಿಳಿಯುವುದಿಲ್ಲ. ಕುಡಿಯುವ ನೀರನ್ನು ಮಡಕೆಗಳಲ್ಲಿ ತುಂಬಿ ಎರಡು ದಿನ ನೆರಳಲ್ಲಿಡುತ್ತೇವೆ. ಬಿಸಿ ಆರುತ್ತದೆ, ಪಾಚಿಯ ವಾಸನೆ ಹೋಗುವುದಿಲ್ಲ.

ನಮ್ಮಪ್ಪನ ತಮ್ಮ ತಿಪ್ಪಣ್ಣ ಕಾಕಾ ಈ ದಡದ ಕೊನೆಯ ಅಂಬಿಗ. ಹೊಳೆಯಲ್ಲಿ ಮೀನು ಮುಗಿಯುತ್ತ ಬಂದಾಗ, ಬಲೆಗೆ ಸಿಕ್ಕ ನಾಲ್ಕಾರು ಗೆಂಡೆ ಮೀನುಗಳನ್ನು ಹಿತ್ತಲ ಬಾವಿಗೆ ಬಿಟ್ಟು, ಹತ್ತೊಂಬತ್ತು ವರ್ಷ ಅವುಗಳ ಸಂತತಿಯನ್ನು ಸಾಕಿದರು.

ಹೋದ ವರ್ಷ ಸ್ಥಾವರ ನಿಂತಿತು. ಇನ್ನೆಂದೂ ನಡೆಸುವುದಿಲ್ಲ ಎಂದು ಮೇಲಿನವರು ಬಂದು ಹೇಳಿ ಹೋದರು. ಅದು ನಿಂತ ಇಪ್ಪತ್ತನೆಯ ದಿನ ಹೊಳೆ ಇಪ್ಪತ್ತಾರು ಡಿಗ್ರಿಗೆ ಇಳಿಯಿತು. ನಾನು ಕಾಕಾನ ಮನೆಗೆ ಓಡಿದೆ.

“ಬಿಡಬಹುದೇನ ಮಗಳ?” ಎಂದು ಕೇಳಿದರು.

“ಬಿಡ್ರಿ ಕಾಕಾ. ನಾನ ಅಳದೀನಿ.”

ಮೂವತ್ತೊಂದು ಮೀನು. ಒಂದೊಂದನ್ನೂ ಕೈಯಲ್ಲೇ ಹಿಡಿದು ಬಿಟ್ಟರು. ಊರೆಲ್ಲ ದಡದಲ್ಲಿ ನಿಂತಿತ್ತು. ತಾಯಂದಿರು ಕೂಸುಗಳ ಕಾಲನ್ನು ನೀರಿಗೆ ತಾಗಿಸಿದರು. ತಣ್ಣಗಿನ ಹೊಳೆಯನ್ನೇ ಕಾಣದ ಕೂಸುಗಳು ಬೆಚ್ಚಿ ಅತ್ತವು.

ಒಂಬತ್ತು ದಿನವಾದ ಮೇಲೆ, ಹೇಳದೆ ಕೇಳದೆ, ಸ್ಥಾವರ ಮತ್ತೆ ಶುರುವಾಯಿತು. ನಗರಗಳಿಗೆ ಕರೆಂಟು ಸಾಲಲಿಲ್ಲವಂತೆ. ಮಧ್ಯಾಹ್ನಕ್ಕೆ ನೀರು ನಲವತ್ಮೂರು. ಮೀನುಗಳು ದಡಕ್ಕೆ ಬಂದು ಬಾಯಿ ಬಿಡತೊಡಗಿದವು. ಕಾಕಾ ಸೊಂಟಮಟ್ಟ ಇಳಿದು ಕೊಡದಲ್ಲಿ ಹಿಡಿಯಲು ಹೆಣಗಿದರು. ಎರಡು ಸಿಕ್ಕವು. ಸಂಜೆಯೊಳಗೆ ಅವೂ ಸತ್ತವು.

“ನೀ ಅಳದಿದ್ದು ಸುಳ್ಳಲ್ಲ ಮಗಳ,” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವರು ಹೊಳೆಯ ಕಡೆ ಬರಲೇ ಇಲ್ಲ. ಮಳೆಗೆ ಮೊದಲೇ ತೀರಿಕೊಂಡರು.

ಹಿರಿಯರೇ, ಸ್ಥಾವರ ಕಟ್ಟುವ ಮುಂಚೆ ನಿಮ್ಮೂರಲ್ಲಿ ಒಂದು ಸಭೆ ಕರೆಯುತ್ತಾರೆ. ಶಾಮಿಯಾನ, ಕುರ್ಚಿ, ಚಹಾ ಎಲ್ಲ ಇರುತ್ತದೆ. ಅಲ್ಲಿ ಎದ್ದು ನಿಂತು ಒಂದೇ ಒಂದು ಮಾತು ಕೇಳಿ: ಹೊಳೆಗೆ ಮರಳಿ ಬರುವ ನೀರು ಎಷ್ಟು ಬಿಸಿ ಇರುತ್ತದೆ?

ನೀವು ಕೇಳಲಿಲ್ಲ ಎಂದು ನನಗೆ ಗೊತ್ತು. ಆ ಸಭೆಯ ಕಾಗದ ನಮ್ಮಲ್ಲಿ ಇನ್ನೂ ಇದೆ. ಬಂದವರ ಸಹಿಗಳಿವೆ. ಪ್ರಶ್ನೆಗಳು ಎಂದು ಬರೆದ ಜಾಗ ಖಾಲಿಯಿದೆ.