ಹದಿನೇಳನೇ ಕನ್ನಡಕ

ಹಾಸ್ಟೆಲ್, ಎರಡನೇ ಮಹಡಿ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಐದನೇ ಕ್ಲಾಸಿನಿಂದ ಹಾಸ್ಟೆಲ್ ಅಲ್ಲವಾ, ವಾರ್ಡನ್ ಓದಿದ ಮೇಲೇ ಕವರ್ ಅಂಟಿಸುತ್ತಿದ್ದ ಕಾಲದಿಂದ 'ನಾನು ಕ್ಷೇಮ' ಅಂತಲೇ ಶುರು ಮಾಡಿ ಅಭ್ಯಾಸ. ಇವತ್ತೂ ಹಾಗೇ ಬರೆದು ಹೊಡೆದುಹಾಕಿದೆ. ನಾನು ಕ್ಷೇಮವಾಗಿಲ್ಲ.

ಪತ್ರ ಕನ್ನಡಕದ ಡಬ್ಬಿಯೊಳಗೆ ಬಂದಿದ್ದಕ್ಕೆ ಗಾಬರಿ ಆಗಬೇಡ. ಮನೆಗೆ ಕಳಿಸಿದರೆ ಅಪ್ಪ ಮೊದಲು ಒಡೆಯುತ್ತಾರೆ. ಫೋನ್ ಮಾಡಿದರೆ ಸ್ಪೀಕರ್ ಹಾಕಿ ಇಬ್ಬರೂ ಕೇಳುತ್ತೀರಿ. ಅದಕ್ಕೇ ನಿನ್ನ ಅಂಗಡಿಗೆ, ರಿಪೇರಿ ಪಾರ್ಸೆಲ್ ಅಂತ ಕಳಿಸಿದ್ದೇನೆ. ಬಲಗಡೆ ಕಡ್ಡಿಯನ್ನು ನಾನೇ ಬಿಚ್ಚಿದ್ದು. ಸ್ಕ್ರೂ ಟಿಶ್ಯೂ ಒಳಗಿದೆ, ಬೀಳಿಸಬೇಡ. ಹಳೇ ಪವರಿನ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ನನ್ನ ಕನ್ನಡವೂ ಸೊಟ್ಟಗೇ ಇದೆ, ನಿನಗೆ ಗೊತ್ತಲ್ಲ.

ಎಲ್ಲಿಂದ ಹೇಳಲಿ. ಸಿನಿಮಾದಿಂದಲೇ ಹೇಳುತ್ತೇನೆ.

ಇಲ್ಲಿ ಫಿಲ್ಮ್ ಕ್ಲಬ್ ಇದೆ. ಕಾಲೇಜು ಶುರುವಾದ ತಿಂಗಳಲ್ಲಿ ಹಳೇ ಲವ್ ಕಾಮಿಡಿ ಯಾವುದಾದರೂ ಹೇಳಿ ಅಂದರು. ನಾನು ಕೈ ಎತ್ತಿದೆ. ಅಷ್ಟು ದಿನ ಮೆಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂತಿರಲಿಲ್ಲ ಅಮ್ಮ, ಯಾರಾದರೂ ಮಾತಾಡಿಸಲಿ ಅಂತಿತ್ತು. ನಮ್ಮ ಸಿನಿಮಾ ಹೇಳಿದೆ. ಪ್ರತಿ ರಜೆಯ ಮೊದಲ ಭಾನುವಾರ ನಾವು ಮೂರೂ ಜನ ನೋಡುವುದು, ನಾನು ಮಧ್ಯೆ. ಹೀರೋ ಪಿಯಾನೋ ಟೀಚರ್ ಹಿಂದೆ ಬೀಳುತ್ತಾನಲ್ಲ, ಅವಳ ಛತ್ರಿ ಕದಿಯುತ್ತಾನೆ, ಆರೇ ತಿಂಗಳು ಬದುಕುವುದು ಅಂತ ಅವಳಪ್ಪನಿಗೆ ಸುಳ್ಳು ಹೇಳುತ್ತಾನೆ, ಕೊನೆಗೆ ತುಂಬಿದ ಸಭೆಯಲ್ಲಿ ಮೈಕ್ ಹಿಡಿದು ಕೇಳಿಬಿಡುತ್ತಾನೆ. ನನಗೆ ಒಂದೊಂದು ಡೈಲಾಗೂ ಬಾಯಿಪಾಠ.

ಸಿನಿಮಾಗೆ ಮೊದಲು ಎರಡು ಮಾತು ಹೇಳು ಅಂತ ಸ್ಟೇಜಿಗೆ ಕಳಿಸಿದರು. ಏನೂ ತೋಚದೆ ನಮ್ಮ ಮನೆ ಕಥೆ ಹೇಳಿಬಿಟ್ಟೆ. ನಮ್ಮಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ನಮ್ಮಪ್ಪ ಅವರನ್ನು ನೋಡುವುದಕ್ಕೇ ಬೇಕಂತ ಕನ್ನಡಕ ಮುರಿದುಕೊಂಡು ಬರುತ್ತಿದ್ದರು, ಹದಿನಾರು ಸಲ ಅಮ್ಮ ತಲೆ ಎತ್ತಲಿಲ್ಲ, ಹದಿನೇಳನೇ ಸಲ ಹೂಂ ಅಂದರು, ಅದರ ಫಲ ನಾನು. ಹಾಲ್ ಬಿದ್ದು ಬಿದ್ದು ನಕ್ಕಿತು. ನನ್ನ ಜನ್ಮದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಆಮೇಲೆ ಸಿನಿಮಾ ಶುರುವಾಯಿತು, ಯಾರೂ ನಗಲಿಲ್ಲ.

ಸುಳ್ಳು ಹೇಳಬಾರದು, ಹೀರೋನ ಸೋದರತ್ತೆ ಏಣಿ ಸಮೇತ ಜಾರುವಲ್ಲಿ ನಕ್ಕರು. ನಾನೂ ನಕ್ಕೆ, ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಹೀರೋ ಅವಳ ಮಣಿಕಟ್ಟು ಹಿಡಿದು ದಾರಿ ಬಿಡದೆ ನಿಲ್ಲುವ ಸೀನ್ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬಳು, ಇವನನ್ನು ಯಾರಾದರೂ ಪೊಲೀಸಿಗೆ ಹಿಡಿದುಕೊಡ್ರಪ್ಪಾ ಅಂದಳು. ಅದಕ್ಕೆ ಮಾತ್ರ ಎಲ್ಲರೂ ಜೋರಾಗಿ ನಕ್ಕರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ರೂಮಿಗೆ ಬಂದು ರೂಮ್‌ಮೇಟ್ ಜೊತೆ ಜಗಳ ಆಡಿದೆ. ಆಗಿನ ಕಾಲ ಹಾಗಿತ್ತು, ಅವನ ಮನಸ್ಸು ನೋಡು ಅಂದೆ. ಅವಳು ಉಗುರು ಕತ್ತರಿಸುತ್ತಾ ತಲೆ ಎತ್ತದೆ, ಅವನ ಮನಸ್ಸು ಎರಡೂವರೆ ಗಂಟೆ ನೋಡಿದ್ದಾಯ್ತಲ್ಲೇ, ಅವಳದ್ದು ಎಲ್ಲಿ ತೋರಿಸಿದರು ಅಂದಳು.

ಒಂದು ಹೇಳಲಾ? ದೊಡ್ಡ ಪರದೆಯ ಮೇಲೆ ಕಂಡಿತು. ಕೊನೆಗೆ ಮೈಕಿನಲ್ಲಿ ಕೇಳಿದಾಗ ಹೂಂ ಅನ್ನುತ್ತಾಳಲ್ಲ, ಆಗ ಅವಳು ಹೀರೋನನ್ನು ನೋಡುವುದಿಲ್ಲ. ಬಾಗಿಲು ನೋಡುತ್ತಾಳೆ. ನಮ್ಮ ಟಿವಿಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಅಥವಾ ನಾನು ಆಗ ನಿನ್ನ ದಾರಿ ನೋಡುತ್ತಿದ್ದೆನೋ ಏನೋ. ಆ ಸೀನ್ ಬಂದಾಗಲೆಲ್ಲ ನೀನು ನೀರು ತರುತ್ತೀನಿ ಅಂತ ಎದ್ದು ಹೋಗುತ್ತಿದ್ದೆ.

ಈಗ ನಿಜವಾದ ವಿಷಯ. ಕ್ಲಬ್ಬಿನಲ್ಲಿ ಪ್ರೊಜೆಕ್ಟರ್ ನಡೆಸುವ ಸೀನಿಯರ್ ಒಬ್ಬ ಇದ್ದಾನೆ, ಎಲ್ಲರೂ ಅವನನ್ನು ಪ್ರೊಜೆಕ್ಟರ್ ಅಂತಲೇ ಕರೆಯುವುದು. ಅವತ್ತು ನನ್ನ ಕಥೆ ಕೇಳಿಸಿಕೊಂಡವನು. ನಾನು ದಿನಕ್ಕೆ ಎರಡು ಗಂಟೆ ಲೈಬ್ರರಿ ಕೌಂಟರಿನಲ್ಲಿ ಡ್ಯೂಟಿ ಮಾಡುತ್ತೇನೆ, ಹರಿದ ಪುಸ್ತಕಕ್ಕೆ ಅಂಟು ಹಾಕುವುದೂ ನನ್ನ ಕೆಲಸವೇ. ಅವನು ಒಂದು ಪುಸ್ತಕ ತಂದ, ಹಾಳೆ ಹರಿದಿದೆ ಅಂಟಿಸಿಕೊಡು ಅಂದ. ಮಾರನೇ ದಿನ ಅದೇ ಪುಸ್ತಕ, ಬೇರೆ ಹಾಳೆ. ಮೂರನೇ ಸಲ ನನಗೆ ನಗು ಬಂತು. ಬಾಯಿಪಾಠ ಆಗಿತ್ತಲ್ಲ, ಹೀರೋಯಿನ್ ಡೈಲಾಗನ್ನೇ ಹೇಳಿಬಿಟ್ಟೆ, ಇನ್ನೊಂದು ಸಲ ಬಂದರೆ ನೋಡು ಅಂತ. ಅವನು ಹೀರೋ ಡೈಲಾಗ್ ಹೇಳಿದ. ಆ ತಪ್ಪು ನನ್ನದೇ ಅಮ್ಮ. ಅದನ್ನು ಎಷ್ಟು ಸಲ ನೆನೆಸಿಕೊಂಡೆನೋ.

ಐದನೇ ದಿನದಿಂದ ಬರಬೇಡ ಅನ್ನುತ್ತಿದ್ದೇನೆ. ಏಳನೇ ದಿನ ಬಾಯಿಬಿಟ್ಟು, ನನಗೆ ಇಷ್ಟ ಇಲ್ಲ, ಭಯ ಆಗುತ್ತೆ ಅಂದೆ. ಅವನು ಸ್ವಲ್ಪವೂ ಸಿಟ್ಟಾಗದೆ, ನಿಮ್ಮಮ್ಮನೂ ಹಾಗೇ ಅಂದಿರ್ತಾರೆ ಬಿಡು ಅಂದ.

ಆ ಹಾಳೆಯನ್ನೂ ಅಂಟಿಸಿಕೊಟ್ಟೆ.

ಇವತ್ತು ಹದಿಮೂರನೇ ಹಾಳೆ. ಈಗ ಮೆಟ್ಟಿಲ ಹತ್ತಿರವೂ ಇರುತ್ತಾನೆ, ಬಟ್ಟೆ ಒಣಹಾಕುವ ಕಡೆ ಗೇಟಿನಲ್ಲೂ. ಡ್ಯೂಟಿ ಬಿಟ್ಟರೆ ಫೀಸ್ ರಿಯಾಯಿತಿ ಹೋಗುತ್ತದೆ. ನಾಲ್ಕು ದಿನದಿಂದ ಮೆಸ್ಸಿಗೇ ಹೋಗಿಲ್ಲ. ಹದಿನೇಳನೇದು ಶನಿವಾರ ಬರುತ್ತದೆ, ಕಾಲೇಜ್ ಡೇ. ಮೈಕೂ ಅವನ ಕೈಯಲ್ಲೇ. ಸ್ಟೇಜಿಗೆ ಕರೆದು ಕೇಳುತ್ತಾನೆ ಅಂತ ಇಡೀ ಕಾಲೇಜಿಗೆ ಗೊತ್ತು. ಸಿನಿಮಾದ ಹೀರೋನನ್ನು ಬೈಯುತ್ತಿದ್ದ ಹುಡುಗಿಯರೇ ಈಗ, ಪಾಪ ಕಣೇ, ಯಾವ ಡ್ರೆಸ್ ಹಾಕ್ಕೊಳ್ತೀಯ ಅನ್ನುತ್ತಿದ್ದಾರೆ. ಎಂಟುನೂರು ಜನ ಚಪ್ಪಾಳೆ ತಟ್ಟುವಾಗ ನನ್ನ ಬಾಯಿಂದ ಇಲ್ಲ ಅಂತ ಬರುತ್ತದಾ ಅಮ್ಮ? ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಹಾಜರಿ ಕೂಗಿದರೂ ತೊದಲುವವಳು ನಾನು.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ನೀನು ಸ್ನಾನಕ್ಕೆ ಹೋಗಿದ್ದೆ. ಅಪ್ಪ ನಕ್ಕರು. ನನ್ನ ಶಿಷ್ಯ ಹುಟ್ಟಿಕೊಂಡನಾ, ಹದಿನೇಳು ಆಗಲಿ ಬಿಡು ನೋಡೋಣ ಅಂದರು. ಆಮೇಲೆ ಚೆನ್ನಾಗಿ ತಿನ್ನು ಮಗಳೇ, ದನಿ ಬತ್ತಿದೆ ಅಂದರು. ಅಪ್ಪ ಒಳ್ಳೆಯವರು. ನನಗೆ ಜ್ವರ ಬಂದರೆ ರಾತ್ರಿ ಬಸ್ ಹತ್ತಿ ಬರುವವರು. ಅವರು ಕೆಟ್ಟವರಾಗಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ಡಬ್ಬಿಯ ತಳದಲ್ಲಿ, ಲೆನ್ಸ್ ಬಟ್ಟೆಯ ಕೆಳಗೆ, ಕಂಪ್ಲೇಂಟ್ ಫಾರ್ಮ್ ಇದೆ. ಫಸ್ಟ್ ಇಯರಿನವರಾದರೆ ತಂದೆ ಅಥವಾ ತಾಯಿ ಬಂದು ಸಹಿ ಹಾಕಬೇಕಂತೆ. ಶುಕ್ರವಾರ ನಾಲ್ಕು ಗಂಟೆಯೊಳಗೆ ಕೊಟ್ಟರೆ ಶನಿವಾರ ಅವನನ್ನು ಸ್ಟೇಜ್ ಹತ್ತಲು ಬಿಡುವುದಿಲ್ಲ ಅಂತ ವಾರ್ಡನ್ ಆಂಟಿ ಮಾತು ಕೊಟ್ಟಿದ್ದಾರೆ. ಪಾರ್ಸೆಲ್ ನಾಳೆ ನಿನ್ನ ಕೈ ಸೇರುತ್ತದೆ. ಗುರುವಾರ ಮೊದಲ ಬಸ್ಸಿಗೆ ಬಾ. ಅಪ್ಪನಿಗೆ, ಅವಳ ಕನ್ನಡಕ ಮುರಿದಿದೆ, ಕೊಟ್ಟು ಬರುತ್ತೀನಿ ಅನ್ನು. ಅದು ಸುಳ್ಳೂ ಅಲ್ಲ.

ಬರುವುದಕ್ಕೆ ಆಗದಿದ್ದರೆ, ಸಹಿ ಹಾಕುವುದಕ್ಕೆ ಮನಸ್ಸಾಗದಿದ್ದರೆ, ಒಂದನ್ನಾದರೂ ಬರೆದು ಕಳಿಸು. ಹದಿನೇಳನೇ ದಿನ ನೀನು ಹೂಂ ಅಂದಾಗ ಅಪ್ಪನನ್ನು ನೋಡಿದೆಯಾ, ಬಾಗಿಲನ್ನಾ? ಯಾವುದಾದರೂ ಸರಿ, ನಾನು ಅಪ್ಪನ ಜೊತೆ ಮಾತು ಬಿಡುವುದಿಲ್ಲ. ಸತ್ಯ ಹೇಳು ಅಷ್ಟೇ.

ಗುರುವಾರ ಬೆಳಗ್ಗೆಯಿಂದ ಗೇಟಿನ ಒಳಗಡೆ ಬೆಂಚಿನ ಮೇಲೆ ಕೂತಿರುತ್ತೇನೆ. ಈ ಹಳೇ ಕನ್ನಡಕದಲ್ಲಿ ದೂರದ್ದು ಕಾಣುವುದಿಲ್ಲ, ನೀನೇ ಹತ್ತಿರ ಬಂದು ಕರಿ.

ನಿನ್ನ,
ಮೊಂಡಿ

ಮರೆತದ್ದು: ಮರೆತಿರಲಿಲ್ಲ, ಧೈರ್ಯ ಇರಲಿಲ್ಲ. ಏಳನೇ ಕ್ಲಾಸಿನ ರಜೆಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಾ ನಿನ್ನ ಹಳೇ ಲೆನ್ಸ್ ಪೆಟ್ಟಿಗೆ ತೆಗೆದಿದ್ದೆ. ತಳದಲ್ಲಿ ನೀನು ಅಂಗಡಿ ಮಾಲೀಕರಿಗೆ ಬರೆದ ಅರ್ಜಿ ಇತ್ತು. ಒಬ್ಬ ಗಿರಾಕಿ ಹನ್ನೊಂದನೇ ಸಲ ಫ್ರೇಮ್ ಮುರಿದುಕೊಂಡು ಬಂದಿದ್ದಾರೆ, ಬಸ್ ಸ್ಟಾಪಿನವರೆಗೂ ಹಿಂದೆ ಬರುತ್ತಾರೆ, ಭಯವಾಗುತ್ತದೆ, ದಯವಿಟ್ಟು ನನ್ನನ್ನು ಹಿಂದಿನ ರೂಮಿಗೆ ಲೆನ್ಸ್ ಉಜ್ಜುವ ಕೆಲಸಕ್ಕೆ ಹಾಕಿ ಅಂತ. ಕೆಳಗೆ ಕೆಂಪು ಇಂಕಿನಲ್ಲಿ, ಗಿರಾಕಿಗಳಿಗೆ ಬೇಜಾರು ಮಾಡಬಾರದು ಅಂತಿತ್ತು. ಸಿನಿಮಾದಲ್ಲೂ ಮೊದಲು ಹೀಗೇ ಅಲ್ಲವಾ ಅಂತ ನಾನು ನಕ್ಕು, ಇದ್ದ ಹಾಗೇ ಮಡಚಿ ಇಟ್ಟುಬಿಟ್ಟೆ. ಆ ಅರ್ಜಿಗೆ ಯಾರೂ ಸಹಿ ಹಾಕಿರಲಿಲ್ಲ. ನನ್ನದಕ್ಕೆ ನೀನು ಹಾಕು.