ಮೊದಲ ಪೀಸಿನ ಅರಿಶಿನ

ನವೆಂಬರ್ 12, ಬುಧವಾರ

ಇವತ್ತೂ ಅರ್ಧ ದಿನ ಮಷೀನು ಸುಮ್ಮನೆ. ಜೀನ್ಸ್ ಆರ್ಡರ್ ಇಲ್ಲ. ಬಾಬಿನ್ನಿಗೆ ದಾರ ಸುತ್ತಿದೆ, ಮಷೀನಿಗೆ ಎಣ್ಣೆ ಬಿಟ್ಟೆ.

ಸಂಜೆ ಶೆಡ್ಡಿನ ಯಜಮಾನರ ತಂಗಿಯ ಮಗ ಲೋಕನಾಥ್ ಫೋನ್ ನೋಡಿ ಓದಿದ. ಸೈನ್ಯದವರ ಖರೀದಿ ನಿಯಮ ಬದಲಾಗಿದೆಯಂತೆ. ಹಿಂದೆ, ಮೊದಲೇ ಸೈನ್ಯಕ್ಕೆ ಮಾಲು ಕೊಟ್ಟವರಿಗಷ್ಟೇ ಟೆಂಡರ್. ಈಗ ನಮ್ಮಂಥ ಸಣ್ಣ ಶೆಡ್ಡಿನವರೂ ಪ್ಯಾಂಟಿನ ಸ್ಯಾಂಪಲ್ ಕಳಿಸಬಹುದು. ಬಟ್ಟೆ, ಜಿಪ್ಪು, ಗುಂಡಿ ಎಲ್ಲ ನಮ್ಮ ದೇಶದ್ದೇ ಆಗಿರಬೇಕು, ಅಷ್ಟೇ.

ಯಜಮಾನರು ಜಯಣ್ಣ ಎದ್ದು ಕೂತರು. "ಅನುಭವ ಇಲ್ಲ ಅಂತ ಆರ್ಡರ್ ಕೊಡಲಿಲ್ಲ. ಆರ್ಡರ್ ಕೊಡದೇ ಅನುಭವ ಎಲ್ಲಿಂದ ಬರಬೇಕು?"

"ನಿಮ್ಮನ್ನ ಮದುವಿ ಆಗುವಾಗ ನನಗೇನು ಅನುಭವ ಇತ್ತೇನ್ರಿ?" ಅಂದರು ಅವರ ಹೆಂಡತಿ ಅನಂತಮ್ಮ. ಶೆಡ್ಡೆಲ್ಲ ನಗು.

ಇದೂ ಆಗದಿದ್ದರೆ ಯುಗಾದಿಗೆ ಮಷೀನು ಮಾರುತ್ತಾರಂತೆ. ಆಮೇಲೆ ನಾನು ನಮ್ಮೂರು ರತ್ನಗಿರಿಗೆ, ಅಣ್ಣನ ಕುರಿ ಹಿಂದೆ. ಅಣ್ಣ ಒಳ್ಳೆಯವನೇ. ಆದರೆ ನಾನಿರುವ ಈ ಯಜಮಾನರ ಮನೆಯಲ್ಲಿ ಊಟಕ್ಕೆ ನನ್ನನ್ನು ಕಾಯುತ್ತಾರೆ...

ನವೆಂಬರ್ 20

ಸ್ಯಾಂಪಲ್ ನಾನೇ ಹೊಲಿಯಬೇಕಂತೆ. ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಹೂಂ ಅನ್ನಲೂ ಬರಲಿಲ್ಲ. ಹೊಲಿದೆ.

ಹೊಸ ಮಾದರಿಯ ಮೊದಲ ಪೀಸಿಗೆ ಸೊಂಟಪಟ್ಟಿಯ ಒಳಗೆ ಅರಿಶಿನದ ಬೊಟ್ಟು ಇಡುವುದು ನಮ್ಮ ಪದ್ಧತಿ. ಆ ಪೀಸು ಮಾರುವುದಿಲ್ಲ, ಶೆಡ್ಡಿನವರೇ ಯಾರಾದರೂ ಹಾಕಿಕೊಳ್ಳುತ್ತಾರೆ. ಲೋಕನಾಥ್ ಮೊದಲೇ ಹೇಳಿದ: "ಈ ಸಲ ಬ್ಯಾಡತ್ತಿ. ಎಲ್ಲಾ ಪೀಸೂ ಪರೀಕ್ಷೆಗೆ ಹೋಗ್ತಾವ."

ಅನಂತಮ್ಮ ಆಯ್ತು ಅಂತ ತಲೆಯಾಡಿಸಿದರು.

ಡಿಸೆಂಬರ್ 9

ಸ್ಯಾಂಪಲ್ ವಾಪಸ್. ಹೊಲಿಗೆ ಸರಿ. ಒಂದು ಪೀಸಿನಲ್ಲಿ ಹಳದಿ ಕಲೆ.

"ಯಾರ ಕೆಲಸ ಇದು?" ಜಯಣ್ಣ ಕೂಗಿದರು. ಮಧ್ಯಾಹ್ನದ ಊಟದ ಡಬ್ಬಿಯ ಸಾರು ನಾನೇ ಚೆಲ್ಲಿದೆನೋ ಏನೋ...

"ನನ್ನದು," ಅಂದರು ಅನಂತಮ್ಮ. "ಬೊಟ್ಟಿಲ್ದ ಹೆಂಗ ಕಳಸೋದು ಅಂತ ನೀವ ಅಂದಿದ್ರಲ್ರಿ?"

"ಅಂದೆ. ಇಡು ಅಂದಿದ್ನೇನು?"

"ನೀವು ಅನ್ನದೇ ಇದ್ದದ್ದೂ ನನಗ ತಿಳೀತೈತಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

ಡಿಸೆಂಬರ್ 11

ಎರಡು ದಿನದಿಂದ ಅನಂತಮ್ಮ ಶೆಡ್ಡಿಗೆ ಕಾಲಿಟ್ಟಿಲ್ಲ. ಲೋಕನಾಥ್ ನಿಯಮ ಪೂರ್ತಿ ಓದಿದ. ಸಣ್ಣ ದೋಷವಾದರೆ ತಿದ್ದಿ ಒಂದು ಸಲ ಮತ್ತೆ ಕಳಿಸಬಹುದಂತೆ! ಒಂದೇ ಸಲ.

ಜಯಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ, "ಆಕೀನ ಕರಕೊಂಡು ಬಾರವ್ವ. ನಾ ಕರದ್ರ ಬರಂಗಿಲ್ಲ" ಅಂದರು.

ಅಡುಗೆಮನೆ ಬಾಗಿಲಲ್ಲಿ ನಿಂತೆ. ಅವರು ಬೇಳೆ ಆರಿಸುತ್ತಿದ್ದರು, ನೋಡಲೇ ಇಲ್ಲ. ಕೊನೆಗೆ ಹೇಗೋ ಹೇಳಿದೆ: "ಅಮ್ಮ, ನೀವು ಎದುರಿಗೆ ಇಲ್ದಿದ್ರೆ ನಂಗೆ ಸೊಂಟಪಟ್ಟಿ ನೇರ ಬರಲ್ಲ."

"ಇಷ್ಟುದ್ದ ಮಾತು ಬರ್ತಾವೇನ ಕೃಷ್ಣವೇಣಿ ನಿನಗ!"

ಬಂದರು — ಕೈಯಲ್ಲಿ ಅರಿಶಿನದ ಡಬ್ಬಿ! ಲೋಕನಾಥ್ ಬಟ್ಟೆ ಎತ್ತಿಕೊಂಡು ಓಡಿದ. ಅನಂತಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹಣೆಗೆ ಬೊಟ್ಟಿಟ್ಟರು.

"ಈ ಸಲ ಮೊದಲ ಪೀಸು ಈಕಿ. ಈಕೀನ ಯಾರಿಗೂ ಕೊಡಂಗಿಲ್ಲ. ಆ ಪ್ಯಾಂಟು ಬೇಕಾದ್ರ ಕಳಸ್ಕೊಳ್ರಿ."

ತಲೆ ಎತ್ತಲಾಗಲಿಲ್ಲ. ಕಣ್ಣು ಮಂಜು ಮಂಜು. ಆದರೂ ಹೊಲಿಗೆ ನೇರ ಬಂತು.

ಜನವರಿ 6, ಮಂಗಳವಾರ

ಪಾಸಾಯಿತು. ಸಣ್ಣ ಆರ್ಡರ್. ಆದರೆ ಮಷೀನು ಮಾರುವುದಿಲ್ಲ!

ಜಯಣ್ಣ ಅರಿಶಿನದ ಡಬ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೀಲಿ ಕೊಟ್ಟಿದ್ದು ಮತ್ತೆ ಅನಂತಮ್ಮನ ಕೈಗೇ.

ಅಣ್ಣನಿಗೆ ಫೋನ್ ಮಾಡಬೇಕು. ಈಗ ಬರಲ್ಲ ಅಂತ ಹೇಗೆ ಹೇಳಲಿ... ಊಟಕ್ಕೆ ಕೂಗುತ್ತಿದ್ದಾರೆ. ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ನನಗೇ ಕಾಯುತ್ತಾ —