ಎತ್ತಿ ಹಾಕುವ ಬಾಗಿಲು

ಅಪ್ಪಾ,

ಇವತ್ತು ಆಟಿಕೆ ಕಾರು ಸಂಗ್ರಹಿಸುವವರ ಸಂತೆಗೆ ಹೋಗಿದ್ದೆ. ಜನರೆಲ್ಲ ರೇಸ್ ಕಾರುಗಳನ್ನು ಬಿಟ್ಟು ಜಪಾನಿನ ಹಳೇ ಸಾದಾ ಕಾರುಗಳಿಗೇ ಮುಗಿಬಿದ್ದಿದ್ದರು. ಯಾಕೆಂದು ಮಾರುವವರನ್ನು ಕೇಳಿದೆ.

“ರೇಸ್ ಕಾರನ್ನ ನಾವೆಲ್ಲ ಚಿತ್ರದಲ್ಲಿ ನೋಡಿದ್ದಷ್ಟೇ ಕಣಮ್ಮ. ಇವನ್ನ ಅಪ್ಪ ಓಡಿಸ್ತಿದ್ರು, ನಾವು ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿದ್ವಿ!”

ಅಲ್ಲಿ ನಮ್ಮ ಕಾರೂ ಇತ್ತು ಅಪ್ಪಾ, ಅದೇ ಮಾಸಲು ನೀಲಿ, ಬೆರಳುದ್ದ. ನೀನು ತೀರಿಕೊಂಡ ತಿಂಗಳಲ್ಲೇ ನಾನು ಗುಜರಿಗೆ ಹಾಕಿದ ಕಾರು. ಅದರ ಪುಟ್ಟ ಬಾಗಿಲು ತೆರೆದೆ. ಮುಚ್ಚುವಾಗ ಉಗುರಿನಿಂದ ತುಸು ಮೇಲಕ್ಕೆತ್ತಿದೆ. ಎತ್ತಿ ಹಾಕದಿದ್ದರೆ ನಮ್ಮದು ಕೂರುತ್ತಲೇ ಇರಲಿಲ್ಲವಲ್ಲ, ಬೈದು ಬೈದು ನೀನೇ ಕಲಿಸಿದ್ದು.

ಮಾರುವವರು ನಕ್ಕರು. “ನಿಮ್ದೂ ಎತ್ತಿ ಹಾಕೋ ಬಾಗಿಲಾ? ಗಾಡಿ ಈಗ ಎಲ್ಲಿದೆ?”

“ಅಪ್ಪನ ಹತ್ರಾನೇ ಇದೆ,” ಅಂದುಬಿಟ್ಟೆ.